ದೇವರ ಭೂಮಿ, ಗುರವರ ಸೇವೆ: ಸೊಲ್ಲಾಪುರ–ಅಕ್ಕಲಕೋಟ ಸೀಮೆಯ ಬಗ್ಗೆ ಒಂದು ಟಿಪ್ಪಣಿ

ಸೊಲ್ಲಾಪುರ ಮತ್ತು ಅಕ್ಕಲಕೋಟ ಸೀಮೆಯ ಹಳ್ಳಿಗಳಲ್ಲಿ ಈಶ್ವರ, ಬಸವಣ್ಣ, ಹನುಮಂತ ದೇವರ ಗುಡಿಗಳ ನಿತ್ಯಸೇವೆ ಬಹುಮಟ್ಟಿಗೆ ಗುರವರ ಮನೆಗಳಿಗೆ ಸೇರಿದ್ದು. ಬೆಳಗ್ಗೆ ಗುಡಿಯ ಕಸ ಹೊಡೆದು ನೀರು ಹಾಕಿ, ಲಿಂಗ ತೊಳೆದು, ಪತ್ರಿ ಏರಿಸಿ, ದೀಪ ಹಚ್ಚುವವರು ಅವರೇ. ಊರಿನ ಮದುವೆ-ಮುಂಜಿಗೆ ಪತ್ರಾವಳಿ ಹಚ್ಚಿಕೊಡುವವರೂ ಅವರೇ. ಈ ಸಮುದಾಯದ ಕುರಿತ ಚರ್ಚೆ ಇಂದು ಎರಡು ದಾರಿ ಹಿಡಿದಿದೆ: ಒಂದು ಪರಂಪರೆಯ ಹೊಗಳಿಕೆ, ಇನ್ನೊಂದು ಸರ್ಕಾರಿ ಸೌಲಭ್ಯದ ಬೇಡಿಕೆ. ಇವೆರಡನ್ನೂ ಕೂಡಿಸುವ ಕೊಂಡಿ ಭೂಮಿಯ ದಾಖಲೆಯಲ್ಲಿದೆ ಎಂಬುದು ನನ್ನ ವಾದ. ಗುರವರ ಸೇವೆಗೆ ಊರು ಏನು ಕೊಡುತ್ತಿತ್ತು, ಅದು ಯಾವ ಹೆಸರಿನಲ್ಲಿ ಬರೆದಿತ್ತು, ಯಾವ ಕಾನೂನಿನ ಕೆಳಗೆ ಏನಾಯಿತು ಎಂದು ತಿಳಿಯದೆ ಅವರ ಕ್ಷೇಮದ ಮಾತು ಆಡಲಾಗದು.

ಮೊದಲು ಸಮುದಾಯದ ಗುರುತು. ಮರಾಠಿ ನಾಡಿನ ಹನ್ನೆರಡು ಬಲುತೇದಾರರ ಪಟ್ಟಿಯಲ್ಲಿ ಗುರವನ ಹೆಸರಿದೆ. ಬ್ರಿಟಿಷರ ಕಾಲದ ಜಾತಿವರ್ಣನೆಗಳಲ್ಲಿ, ಅಂದರೆ 1916ರ ರಸೆಲ್ ಮತ್ತು ಹೀರಾಲಾಲರ ಮಧ್ಯಪ್ರಾಂತದ ಗ್ರಂಥದಲ್ಲಿ ಹಾಗೂ 1920ರಿಂದ ಬಂದ ಎಂಥೋವನ್ನರ ಮುಂಬಯಿ ಪ್ರಾಂತದ ಸಂಪುಟಗಳಲ್ಲಿ, ಶಿವಾಲಯದ ಅರ್ಚಕ, ಬಿಲ್ವಪತ್ರೆ ತರುವವ, ಎಲೆ ಹಚ್ಚುವವ, ವಾದ್ಯ ನುಡಿಸುವವ ಎಂದೇ ಗುರವನ ಚಿತ್ರ ಬರುತ್ತದೆ. ಜಯಂತ ಬಾಪಟರು 1993ರಲ್ಲಿ ಮಹಾರಾಷ್ಟ್ರದ ಗುರವ ಅರ್ಚಕರ ಬಗ್ಗೆ ಪ್ರಕಟಿಸಿದ ಪ್ರಬಂಧ ಈ ಹಳೆಯ ವರ್ಣನೆಗಳನ್ನು ದಾಟಿ ಮುಂದೆ ಹೋದ ಮುಖ್ಯ ಕೆಲಸ. ಜೇಜುರಿಯ ಖಂಡೋಬಾ, ಕೊಲ್ಲಾಪುರದ ಬಳಿಯ ಜೋತಿಬಾ, ಈ ದೊಡ್ಡ ಕ್ಷೇತ್ರಗಳ ಪೂಜಾರಿಕೆಯೂ ಗುರವರದೇ. ಆದರೆ ಈ ಬರಹಗಳಲ್ಲಿ ಕಾಣುವವರು ಹೆಚ್ಚಾಗಿ ಮರಾಠಿ ಗುರವರು. ಅಕ್ಕಲಕೋಟ ತಾಲೂಕಿನ ಕನ್ನಡ ಮಾತಾಡುವ ಗುರವ ಮನೆಗಳು ಎರಡು ಪರಂಪರೆಗಳ ನಡುವೆ ನಿಂತಿವೆ. ಅವುಗಳ ಮೇಲೆ ಯಾರ ಗಮನವೂ ಸರಿಯಾಗಿ ಬಿದ್ದಿಲ್ಲ.

ಮರಾಠಿ ಕಡೆಯಲ್ಲಿ ಗುರವರು ತಮ್ಮವನೆಂದು ನೆನೆಯುವ ಸಂತ ಕಾಶಿಬಾ. ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲೂಕಿನ ಅರಣ ಊರು ಸಂತ ಸಾವತಾ ಮಾಳಿಯದು. ತೋಟದಲ್ಲಿ ಕೆಲಸ ಮಾಡುತ್ತ ಸಾವತಾ ಹಾಡಿದ ಅಭಂಗಗಳನ್ನು ಬರೆದಿಟ್ಟವನು ಕಾಶಿಬಾ ಗುರವ ಎಂದು ವಾರಕರಿ ಪರಂಪರೆ ಹೇಳುತ್ತದೆ. ಹಾಗೆ ಉಳಿದುಬಂದವು 37. ಸಾವತಾ ಸಮಾಧಿ ಹೊಂದಿದ್ದು 1295ರಲ್ಲಿ. ಗುಡಿಸೇವೆಯ ಮನೆಯ ಒಬ್ಬನು ಮಾಳಿಯ ಹಾಡಿಗೆ ಲಿಪಿಕಾರನಾದ ಎಂಬ ಈ ನೆನಪು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಗುರವನನ್ನು ಬರೀ ಎಲೆ ಹಚ್ಚುವವನಾಗಿ ಕಂಡ ವರ್ಣನೆಗಳಲ್ಲಿ ಅವನ ಅಕ್ಷರವಿದ್ಯೆಗೆ ಜಾಗವೇ ಇಲ್ಲ.

ಕನ್ನಡ ಕಡೆಯಲ್ಲಿ ಇದೇ ವೃತ್ತಿಯ ಹೂಗಾರರು, ಜೀರರು, ಗುರವರು ಹನ್ನೆರಡನೆಯ ಶತಮಾನದ ಶರಣ ಹೂಗಾರ ಮಾದಯ್ಯನನ್ನು ಮೂಲಪುರುಷನಾಗಿ ಕಾಣುತ್ತಾರೆ. ಇಷ್ಟಲಿಂಗ ಪೂಜೆಗೆ ಮನೆಮನೆಗೆ ಹೂಪತ್ರಿ ಮುಟ್ಟಿಸುವುದು, ಮದುವೆಗೆ ದಂಡಿ ಕಟ್ಟುವುದು ಹೂಗಾರರ ಕೆಲಸ. ಈ ಸೀಮೆಯ ಕನ್ನಡ ಗುರವರಲ್ಲಿ ಹಲವರು ಲಿಂಗಾಯತರು. ಅವರನ್ನು ಜಂಗಮರೊಂದಿಗೆ ಕಲಸಬಾರದು. ದೀಕ್ಷೆ, ಲಿಂಗಧಾರಣೆ, ಮದುವೆ, ಸಮಾಧಿಯ ವಿಧಿಗಳು ಅಯ್ಯನವರವು, ಅಂದರೆ ಜಂಗಮರವು. ಸ್ಥಾವರಲಿಂಗದ ಗುಡಿಯ ಸೇವೆ ಗುರವರದು. ಇಷ್ಟಲಿಂಗವನ್ನೇ ಮುಖ್ಯವಾಗಿ ಹಿಡಿದ ಧರ್ಮದೊಳಗೆ ಸ್ಥಾವರದ ಸೇವೆಯವರು ಎಲ್ಲಿ ನಿಲ್ಲುತ್ತಾರೆ ಎಂಬ ಪ್ರಶ್ನೆ ಹಳೆಯದು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಬದುಕಿನಲ್ಲೇ ಅದು ಇದೆ. ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಲಿಂಗಗಳನ್ನು ಪ್ರತಿಷ್ಠಿಸಿದ ಆ ಯೋಗಿಯನ್ನು ಅಲ್ಲಮ ಕಲ್ಯಾಣಕ್ಕೆ ಕರೆದೊಯ್ದ ಕಥೆ ಕನ್ನಡಿಗರಿಗೆ ಹೊಸದಲ್ಲ. ಕಲ್ಯಾಣವನ್ನು ಕಂಡ ಸಿದ್ಧರಾಮ ಸೊಲ್ಲಾಪುರದಲ್ಲಿ ಇಂದಿಗೂ ಕೆರೆಯ ನಡುವಿನ ಗುಡಿಯ ದೇವರಾಗಿಯೇ ಪೂಜೆಗೊಳ್ಳುತ್ತಾನೆ.

ಗುರವರ ಮೂಲವನ್ನು ಶಾಸನಗಳ ‘ಗೊರವ’ರಲ್ಲಿ ಹುಡುಕುವ ರೂಢಿ ಇದೆ. ಕನ್ನಡ ಶಾಸನಗಳಲ್ಲಿ ಗೊರವರು ಶೈವ ತಪಸ್ವಿಗಳಾಗಿ, ಗುಡಿಯ ದತ್ತಿ ಪಡೆದವರಾಗಿ ಕಾಣಿಸುತ್ತಾರೆ. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರರು ಸಂಪಾದಿಸಿ ಕೊಟ್ಟಿದ್ದರಿಂದ ಈ ಭಾಗದ ಗುಡಿಗಳಿಗೆ ಬಂದ ದತ್ತಿಗಳನ್ನು ಇಂದು ನಾವು ಓದಬಹುದು. ಅವುಗಳಲ್ಲಿ ಕನ್ನಡದ ಪಾಲು ದೊಡ್ಡದು. ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿ ಭೀಮಾ-ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ ಕುಂಭಾರರು ಬೆಳಕಿಗೆ ತಂದ ಶಕ 940ರ (ಕ್ರಿ.ಶ. 1018) ಬರಹ ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಎರಡೂ ನುಡಿಗಳಲ್ಲಿ ಗುಡಿಯ ಲೆಕ್ಕ ಬರೆದ ನೆಲ ಇದು. ಆದರೂ ಶಾಸನದ ಗೊರವನಿಂದ ಇಂದಿನ ಗುರವ ಜಾತಿಗೆ ನೇರ ಗೆರೆ ಎಳೆಯುವುದನ್ನು ನಾನು ಒಪ್ಪಲಾರೆ. ಮೈಲಾರಲಿಂಗನ ಗೊರವರು ಬೇರೆ, ಕಾಳಾಮುಖ ಮಠದ ಗೊರವರು ಬೇರೆ, ಊರಾಯದ ಗುರವರು ಬೇರೆ. ಶಾಸನದ ಒಂದು ಅಂಶ ಮಾತ್ರ ನಮ್ಮ ವಿಷಯಕ್ಕೆ ಗಟ್ಟಿಯಾಗಿ ಒದಗುತ್ತದೆ. ದತ್ತಿ ಬರೆಯುವಾಗ ದೇವರ ಅಂಗಭೋಗ, ರಂಗಭೋಗ, ನಂದಾದೀವಿಗೆ ಎಂದು ಸೇವೆಗಳನ್ನು ಹೆಸರಿಸಿ ಅವುಗಳಿಗೆ ಮತ್ತರು ಲೆಕ್ಕದಲ್ಲಿ ಭೂಮಿ ಬಿಡುತ್ತಿದ್ದರು. ಭೂಮಿ ದೇವರಿಗೆ ಸೇರಿದ್ದರೂ ಅದರ ಫಲದಿಂದ ನಡೆಯಬೇಕಾದದ್ದು ಮನುಷ್ಯರು ಮಾಡುವ ಕೆಲಸ. ಸಾವಿರ ವರ್ಷಗಳ ನಂತರ ನ್ಯಾಯಾಲಯಗಳು ಚರ್ಚಿಸುತ್ತಿರುವುದೂ ಇದನ್ನೇ.

ಆ ಕೆಲಸ ಎಷ್ಟೆಂದು ಹೊರಗಿನವರಿಗೆ ಅಂದಾಜಿರುವುದಿಲ್ಲ. ನಿತ್ಯಪೂಜೆ ತಪ್ಪುವಂತಿಲ್ಲ, ಮನೆಯಲ್ಲಿ ಸೂತಕವಾದರೆ ಅಣ್ಣತಮ್ಮಂದಿರ ಮನೆಯವರು ಬಂದು ಮಾಡಬೇಕು. ಅದಕ್ಕಾಗಿಯೇ ಪಾಳಿಯ ಪದ್ಧತಿ ಬೆಳೆದಿದೆ: ಮನೆತನ ಒಡೆದಂತೆ ವರ್ಷ, ತಿಂಗಳು, ವಾರಗಳ ಲೆಕ್ಕದಲ್ಲಿ ಸೇವೆ ಹಂಚಿಹೋಗುತ್ತದೆ. ಸೇವೆಯೊಂದಿಗೆ ನೈವೇದ್ಯದ ಹಕ್ಕೂ ಇನಾಮಿನ ಪಾಲೂ ಹಂಚಿಹೋಗುತ್ತವೆ. ಶ್ರಾವಣ ಬಂತೆಂದರೆ ಪತ್ರಿಯ ಕೆಲಸ ಹಲವು ಪಟ್ಟು. ಮೂರೆಲೆ ಕೂಡಿದ, ಹುಳು ಹಿಡಿಯದ ಬಿಲ್ವವನ್ನು ಗಿಡ ಏರಿ ಮುಳ್ಳಿನ ನಡುವೆ ಕೊಯ್ಯಬೇಕು. ಮುತ್ತಲ ಎಲೆಯನ್ನು ತಂದು, ಒತ್ತಿಟ್ಟು, ಕಡ್ಡಿಯಿಂದ ಹಚ್ಚಿ ಪತ್ರಾವಳಿ ಮಾಡುವುದು ಮನೆಯ ಹೆಂಗಸರ, ಮಕ್ಕಳ ಪಾಲು. ಗುರವರ ಹೆಂಗಸರ ಈ ದುಡಿಮೆ ಇನಾಮು ಪತ್ರಗಳಲ್ಲಿ ಎಲ್ಲೂ ಹೆಸರಾಗಿ ಬರುವುದಿಲ್ಲ. ಸನದು ಗಂಡಸಿನದು, ಪಾಳಿಯೂ ಗಂಡಸಿನದು. ಜಾತ್ರೆಯ ದಿನಗಳಲ್ಲಿ ವಾದ್ಯ, ಪಾಲಕಿ, ದೀಪದ ಎಣ್ಣೆ, ಇವುಗಳ ಹೊಣೆ ಬೇರೆ. ಮರಾಠಿ ಭಾಗದಲ್ಲಿ ಪಖವಾಜ್ ಮತ್ತು ಸನಾಯಿ ನುಡಿಸುವ ಗುರವ ಮನೆತನಗಳಿಗೆ ಹೆಸರಿದೆ. ಗುಡಿಯ ಸಂಗೀತದ ಒಂದು ಧಾರೆಯೇ ಅವರ ಕೈಯಲ್ಲಿ ಬೆಳೆದದ್ದು.

ಸೊಲ್ಲಾಪುರದಲ್ಲಿ ಸಿದ್ಧರಾಮನ ಹೆಸರಿನಲ್ಲಿ ನಡೆಯುವ ಗಡ್ಡೆಯ ಜಾತ್ರೆಯಲ್ಲಿ, ಮಕರ ಸಂಕ್ರಾಂತಿಯ ಹೊತ್ತಿಗೆ, ನಂದಿಧ್ವಜಗಳು ಊರ ಸುತ್ತಲಿನ 68 ಲಿಂಗಗಳಿಗೆ ಎಣ್ಣೆಮಜ್ಜನ ಮಾಡಿಸುತ್ತ ಸಾಗುತ್ತವೆ. ಸಮ್ಮತಿಕಟ್ಟೆಯ ಅಕ್ಷತೆ, ಹೋಮ, ಕೊನೆಯ ದಿನದ ಕಪ್ಪಡಕಳಿ, ಇವುಗಳಲ್ಲಿ ಯಾವ ಮನೆತನಕ್ಕೆ ಯಾವ ಮಾನ ಎಂಬುದು ಗೊತ್ತುಮಾಡಿದ್ದು. ಹಿರೇಹಬ್ಬು ಮನೆತನದ ನಂದಿಧ್ವಜ ಮುಂದೆ ನಡೆಯಬೇಕು, ಉಳಿದವು ತಮ್ಮ ಕ್ರಮದಲ್ಲಿ ಬರಬೇಕು. ಹಲವು ಜಾತಿಗಳ ಪಾಲಿನಿಂದ ಈ ಜಾತ್ರೆ ನಿಂತಿದೆ. ಆದರೆ ಜಾತ್ರೆಯ ಮಾನ ವರ್ಷಕ್ಕೊಮ್ಮೆಯದು, ಎಲ್ಲರಿಗೂ ಕಾಣುವಂಥದು. 68 ಲಿಂಗಗಳಿಗೆ ಉಳಿದ ದಿನಗಳಲ್ಲಿ ನೀರು ಹಾಕುವ ಕೈ ಯಾರ ಕಣ್ಣಿಗೂ ಬೀಳುವುದಿಲ್ಲ. ಗುಡಿಸೇವೆಯ ಜಾತಿಗಳ ಇತಿಹಾಸ ಬರೆಯುವವರು ಜಾತ್ರೆಯನ್ನು ಬಿಟ್ಟು ಈ ನಿತ್ಯದ ಕೆಲಸದಿಂದ ಬರವಣಿಗೆ ಆರಂಭಿಸಬೇಕು ಎಂದು ನನಗನ್ನಿಸುತ್ತದೆ.

ಈ ಕೆಲಸಕ್ಕೆ ಊರು ಎರಡು ರೀತಿಯಲ್ಲಿ ಪ್ರತಿಫಲ ಕೊಡುತ್ತಿತ್ತು. ಒಂದು ಆಯ: ಸುಗ್ಗಿಯಲ್ಲಿ ಕಣಕ್ಕೆ ಹೋದ ಗುರವನಿಗೆ ರೈತ ಅಳೆದುಕೊಡುವ ಜೋಳ. ಮರಾಠಿಯಲ್ಲಿ ಅದೇ ಬಲುತೆ. ಇದಕ್ಕೆ ಬರಹದ ಆಧಾರ ಕಡಿಮೆ, ಊರಿನ ನೆನಪೇ ಆಧಾರ. ಎರಡನೆಯದು ಇನಾಮು ಭೂಮಿ, ಅದಕ್ಕೆ ಸನದು ಇತ್ತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡು ಸೊಲ್ಲಾಪುರ ಬ್ರಿಟಿಷರ ಕೈಗೆ ಬಂದ ಮೇಲೆ ಈ ಇನಾಮುಗಳ ತನಿಖೆ ಶುರುವಾಯಿತು. 1852ರ ಕಾಯ್ದೆಯ ಬಲದಿಂದ ಇನಾಮು ಕಮಿಷನ್ನು ಮನೆಮನೆಯ ಕಾಗದ ಕೇಳಿತು. 1863ರ ಕಾಯ್ದೆಗಳು ಉಳಿದವುಗಳನ್ನು ಸಾರಾಸಗಟು ಇತ್ಯರ್ಥ ಮಾಡಿದವು. ಈ ತನಿಖೆಯ ಕಾಗದಗಳು ಪುಣೆಯ ದಫ್ತರಕ್ಕೆ ಸೇರಿದವು. ಅಕ್ಕಲಕೋಟದ ಹಾದಿ ಬೇರೆಯಾಯಿತು. ಅದು ಭೋಸಲೆ ಮನೆತನದ ಸಂಸ್ಥಾನವಾಗಿ ಉಳಿದು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಗುವ ತನಕ ತನ್ನದೇ ದಫ್ತರ ಇಟ್ಟುಕೊಂಡಿತ್ತು. ಹೀಗಾಗಿ ನಲವತ್ತು ಕಿಲೋಮೀಟರ್ ಅಂತರದ ಎರಡು ಊರುಗಳ ಗುರವರ ಹಕ್ಕಿನ ಇತಿಹಾಸ ಎರಡು ಬೇರೆ ಕಚೇರಿಗಳ ಕಾಗದದಲ್ಲಿದೆ. ಒಂದೇ ಜಿಲ್ಲೆಯೆಂದು ಒಂದೇ ಕಡೆ ಹುಡುಕುವವರಿಗೆ ಅರ್ಧವೇ ಸಿಗುತ್ತದೆ.

ಸ್ವಾತಂತ್ರ್ಯಾನಂತರದ ಕಾಯ್ದೆಗಳು ಇನಾಮುಗಳನ್ನು ಒಂದೊಂದಾಗಿ ರದ್ದುಮಾಡಿದವು. ವೈಯಕ್ತಿಕ ಇನಾಮುಗಳು 1952ರ ಕಾಯ್ದೆಯಿಂದ, ಊರಿನ ಜನರಿಗೆ ಮಾಡುವ ಸೇವೆಗೆ ಬಿಟ್ಟ ಇನಾಮುಗಳು 1953ರ ಕಾಯ್ದೆಯಿಂದ ಹೋದವು. ದೇವಸ್ಥಾನದ ಇನಾಮು, ಕಂದಾಯದ ಭಾಷೆಯಲ್ಲಿ ವರ್ಗ 3, ಮಾತ್ರ ಉಳಿಯಿತು. ಅದನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ. ಇಲ್ಲಿಯೇ ಗುರವರ ಇಂದಿನ ತೊಡಕಿನ ಬೇರು ಇದೆ. ಅದೇ ಹೊಲ ‘ಗುರವನಿಗೆ ಸೇವೆಗಾಗಿ’ ಎಂದು ಬರೆದಿತ್ತೋ, ‘ದೇವರಿಗೆ, ಗುರವನ ವಹಿವಾಟಿನಲ್ಲಿ’ ಎಂದು ಬರೆದಿತ್ತೋ ಎಂಬುದರ ಮೇಲೆ ಅದರ ಹಣೆಬರಹ ನಿಂತಿತು. ಅಣ್ಣನ ಪಾಲಿನ ಹೊಲ ಒಂದು ವರ್ಗಕ್ಕೆ, ತಮ್ಮನ ಪಾಲಿನದು ಇನ್ನೊಂದಕ್ಕೆ ಹೋಗಲು ಕಾರಕೂನನ ಒಂದು ಸಾಲು ಸಾಕಿತ್ತು. ಗೇಣಿಯ ಕಾನೂನೂ ಇದರೊಂದಿಗೆ ಹೆಣೆದುಕೊಂಡಿದೆ. 1948ರ ಗೇಣಿ ಕಾಯ್ದೆಗೆ 1956ರಲ್ಲಿ ತಿದ್ದುಪಡಿಯಾಗಿ 1957ರ ಏಪ್ರಿಲ್ 1ರಂದು ಉಳುವವನೇ ಒಡೆಯನಾದಾಗ, ಸಾರ್ವಜನಿಕ ಪೂಜಾಸ್ಥಳದ ಭೂಮಿಗೆ 88ಬಿ ಕಲಮಿನಲ್ಲಿ ವಿನಾಯಿತಿ ಇತ್ತು. ಆದರೆ ಆ ವಿನಾಯಿತಿ ತಾನಾಗಿ ಬರುವಂಥದಲ್ಲ. ಗುಡಿ ನ್ಯಾಸವಾಗಿ ನೋಂದಾಯಿಸಿ ಕಲೆಕ್ಟರರ ಪ್ರಮಾಣಪತ್ರ ಪಡೆಯಬೇಕಿತ್ತು. ಸಣ್ಣ ಹಳ್ಳಿಯ ಈಶ್ವರನ ಗುಡಿಗೆ ಅಂಥ ತಿಳಿವಳಿಕೆ ಹೇಳುವವರು ಯಾರಿದ್ದರು?

ನೋಂದಣಿಯ ಕಾಯ್ದೆ ಅದಕ್ಕೂ ಮೊದಲೇ, 1950ರಲ್ಲಿ ಬಂದಿತ್ತು. ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆ, ಇಂದು ಮಹಾರಾಷ್ಟ್ರದ ಹೆಸರಿನಲ್ಲಿದೆ. ಅದು ಗುಡಿಗಳನ್ನು ಧರ್ಮಾದಾಯ ಆಯುಕ್ತರ ಪುಸ್ತಕಕ್ಕೆ ತಂದಿತು. ಲೆಕ್ಕಪತ್ರಕ್ಕೆ ಶಿಸ್ತು ಬಂತು, ದೇವರ ಹಣ ಖಾಸಗಿಯಾಗಿ ಕರಗುವುದಕ್ಕೆ ತಡೆ ಬಂತು, ಇದನ್ನು ಒಪ್ಪಲೇಬೇಕು. ಆದರೆ ಊರ ಪಂಚರು ವಿಶ್ವಸ್ತರಾಗಿ, ತಲೆಮಾರುಗಳಿಂದ ಪೂಜೆ ಮಾಡಿದ ಮನೆ ಆ ಪಟ್ಟಿಯ ಹೊರಗೆ ಉಳಿದ ಕಡೆಗಳಲ್ಲಿ ಗುರವ ಸಂಬಳವಿಲ್ಲದ ಆಳಾದ.

ವಂಶಪಾರಂಪರ್ಯದ ಹಕ್ಕಿನ ಬಗ್ಗೆ ಈ ಜಿಲ್ಲೆಯಲ್ಲೇ ದೊಡ್ಡ ತೀರ್ಮಾನ ಆಗಿದೆ. ಪಂಢರಪುರ ದೇವಾಲಯಗಳ 1973ರ ಕಾಯ್ದೆ ಬಡವೆ, ಉತ್ಪಾತ ಮತ್ತು ಸೇವಾಧಾರಿ ಮನೆತನಗಳ ಹಕ್ಕನ್ನು ರದ್ದುಮಾಡಿತು. ದಶಕಗಳ ದಾವೆ 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅದೇ ವರ್ಷ ದೇವಸ್ಥಾನ ಸಮಿತಿ ಎಲ್ಲ ಜಾತಿಗಳವರಿಂದಲೂ, ಹೆಂಗಸರಿಂದಲೂ ಪೂಜಾರಿಕೆಗೆ ಅರ್ಜಿ ಕರೆಯಿತು. ಪೌರೋಹಿತ್ಯ ಹುಟ್ಟಿನಿಂದ ಬರಬಾರದು, ಪರೀಕ್ಷೆ ಮಾಡಿ ಸನದು ಕೊಡಬೇಕು ಎಂದು ಅಂಬೇಡ್ಕರರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಬರೆದಿದ್ದರು. ಆ ಮಾತಿನ ನ್ಯಾಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗೆಯೇ 2021ರ ಸೆಪ್ಟೆಂಬರಿನಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಗುಡಿಯ ಭೂಮಿಗೆ ದೇವರೇ ಒಡೆಯ, ಪೂಜಾರಿ ನಿರ್ವಾಹಕ ಮಾತ್ರ, ಒಡೆತನದ ಅಂಕಣದಲ್ಲಿ ಅವನ ಹೆಸರು ಇರಬೇಕಿಲ್ಲ ಎಂದು ಹೇಳಿತು. ಕಾನೂನಿನ ದೃಷ್ಟಿಯಿಂದ ಇದೂ ಸರಿ. ದೇವರ ಹೊಲವನ್ನು ಪೂಜಾರಿಯೇ ಮಾರಿಕೊಂಡ ಉದಾಹರಣೆಗಳಿರುವಾಗ ಬೇರೆ ತೀರ್ಪು ಬರಲೂ ಆಗದು.

ಆದರೆ ಪಂಢರಪುರದ ಅಳತೆಯನ್ನು ಹಳ್ಳಿಯ ಗುಡಿಗೆ ಹಾಗೆಯೇ ಹಚ್ಚಬಾರದು. ಪಂಢರಪುರದಲ್ಲಿ ಹಳೆಯ ಹಕ್ಕು ಹೋದ ಜಾಗದಲ್ಲಿ ಸಂಬಳದ ನೌಕರಿ ಬಂತು, ಏಕೆಂದರೆ ಅಲ್ಲಿ ಹುಂಡಿ ತುಂಬುತ್ತದೆ. 1856ರಲ್ಲಿ ಬಂದು 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರಿಂದ ಅಕ್ಕಲಕೋಟ ಪಟ್ಟಣವೂ ದೊಡ್ಡ ಯಾತ್ರಾಸ್ಥಳವಾಗಿದೆ; ವಟವೃಕ್ಷ ಮಂದಿರಕ್ಕೆ ದೂರದೂರದ ಜನ ಬರುತ್ತಾರೆ. ಆ ಪಟ್ಟಣದ ಸುತ್ತಲಿನ ಹಳ್ಳಿಯ ಗುಡಿಗಳಲ್ಲಿ ಹುಂಡಿಯೇ ಇರುವುದಿಲ್ಲ. ಅಲ್ಲಿ ಗುರವನ ಹಕ್ಕನ್ನು ತೆಗೆದರೆ ಆ ಜಾಗಕ್ಕೆ ಬರುವುದು ಏನೂ ಇಲ್ಲ. ಒಡೆತನ ಬೇರೆ, ದುಡಿಮೆಯ ಕೂಲಿ ಬೇರೆ. ಮೊದಲನೆಯದನ್ನು ನಿರಾಕರಿಸುವ ಭರದಲ್ಲಿ ಎರಡನೆಯದನ್ನೂ ನಿರಾಕರಿಸಿದ್ದು ನಮ್ಮ ಆಡಳಿತದ ಕೊರತೆ.

ಗಡಿಯ ಕರ್ನಾಟಕದ ಬದಿಯಲ್ಲಿ ಏನಿದೆ ಎಂದು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಕ್ಕಲಕೋಟವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರ ಮಹಾಜನ ವರದಿ ಶಿಫಾರಸು ಮಾಡಿತ್ತು; ಅದು ಜಾರಿಗೆ ಬರಲಿಲ್ಲ. ಹಾಗಾಗಿ ಇಂಡಿ, ಅಫಜಲಪುರ, ಆಳಂದದ ಗುಡಿಗಳು ಒಂದು ಕಾನೂನಿನ ಕೆಳಗೆ, ಅದೇ ನುಡಿಯ, ಅದೇ ನಂಟಸ್ತಿಕೆಯ ಅಕ್ಕಲಕೋಟದ ಗುಡಿಗಳು ಇನ್ನೊಂದರ ಕೆಳಗೆ ಇವೆ. ಕರ್ನಾಟಕದಲ್ಲಿ ಧಾರ್ಮಿಕ ದತ್ತಿಗಳ 1997ರ ಕಾಯ್ದೆಯಂತೆ ಮುಜರಾಯಿ ಗುಡಿಗಳನ್ನು ಆದಾಯ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ. ಸುಮಾರು 34,000ದಷ್ಟಿರುವ ಸಿ ವರ್ಗದ ಗುಡಿಗಳಿಗೆ ಸರ್ಕಾರ ವರ್ಷಕ್ಕೊಮ್ಮೆ ತಸ್ತೀಕು, ಅಂದರೆ ಪೂಜೆಯ ಅನುದಾನ, ಕೊಡುತ್ತದೆ. 2022ರ ಬಜೆಟ್ಟಿನಲ್ಲಿ ಅದು 48,000ದಿಂದ 60,000 ರೂಪಾಯಿಗೆ, 2025ರಲ್ಲಿ 72,000ಕ್ಕೆ ಏರಿತು. ತಿಂಗಳಿಗೆ ಆರು ಸಾವಿರ. ಸಂಸಾರ ಸಾಗಿಸಲು ಇದು ಸಾಲದು, ಮುಜರಾಯಿ ಪಟ್ಟಿಯಲ್ಲಿಲ್ಲದ ಗುಡಿಗೆ ಇದೂ ಇಲ್ಲ. ಆದರೂ ಸೇವೆ ಎಂಬ ಕೆಲಸಕ್ಕೆ ಸರ್ಕಾರದ ಪುಸ್ತಕದಲ್ಲಿ ಒಂದು ಸಾಲು ಇದೆ. ಮಹಾರಾಷ್ಟ್ರದಲ್ಲಿ ಪಂಢರಪುರ, ಶಿರಡಿ, ಸಿದ್ಧಿವಿನಾಯಕದಂಥ ದೊಡ್ಡ ಕ್ಷೇತ್ರಗಳಿಗೆ ಬಿಡಿಬಿಡಿಯಾಗಿ ಕಾಯ್ದೆಗಳಿವೆ. ಮಿಕ್ಕ ಸಣ್ಣ ಗುಡಿಗಳ ಪಾಲಿಗೆ ಬಂದದ್ದು ನ್ಯಾಸದ ನೋಂದಣಿ ಮಾತ್ರ.

ಮಹಾರಾಷ್ಟ್ರ ಹಿಡಿದ ಹಾದಿ ಜಾತಿ ನಿಗಮದ್ದು. 2023ರ ಬಜೆಟ್ಟಿನಲ್ಲಿ ಸಂತ ಕಾಶಿಬಾ ಗುರವ ಯುವ ಆರ್ಥಿಕ ವಿಕಾಸ ಮಹಾಮಂಡಳವನ್ನು ಘೋಷಿಸಲಾಯಿತು. ಲಿಂಗಾಯತ ಯುವಕರಿಗೆ ಮಹಾತ್ಮ ಬಸವೇಶ್ವರರ ಹೆಸರಿನಲ್ಲಿ, ರಾಮೋಶಿಗಳಿಗೆ ಉಮಾಜಿ ನಾಯಕರ ಹೆಸರಿನಲ್ಲಿ, ವಡ್ಡರಿಗೆ ಪೈಲವಾನ್ ಮಾರುತಿ ಚವ್ಹಾಣರ ಹೆಸರಿನಲ್ಲಿ ನಿಗಮಗಳನ್ನೂ ಆಗಲೇ ಘೋಷಿಸಿ, ಒಂದೊಂದಕ್ಕೂ 50 ಕೋಟಿ ರೂಪಾಯಿ ಎಂದರು. ಇವುಗಳಲ್ಲಿ ಕಾಶಿಬಾ ಮತ್ತು ಬಸವೇಶ್ವರರ ಹೆಸರಿನವು ಹಿಂದುಳಿದ ವರ್ಗಗಳ ಹಣಕಾಸು ನಿಗಮದ ಉಪಸಂಸ್ಥೆಗಳು. ಸಣ್ಣ ಉದ್ಯೋಗಕ್ಕೆ ಸಾಲ, ಬ್ಯಾಂಕ್ ಸಾಲದ ಬಡ್ಡಿ ಮರುಪಾವತಿ ಇವುಗಳ ಕೆಲಸ. ಅರಣದ ಲಿಪಿಕಾರನ ಹೆಸರು ಸರ್ಕಾರಿ ಕಾಗದದ ಮೇಲೆ ಬಂದದ್ದು ಸಮುದಾಯಕ್ಕೆ ಸಂತೋಷದ ಸಂಗತಿ, ನನಗೂ ಸಂತೋಷವೇ. ಗುರವರ ಹುಡುಗನೊಬ್ಬ ಸಾಲ ಪಡೆದು ಅಂಗಡಿ ಹಾಕಿದರೆ ಅದು ಒಳ್ಳೆಯದೇ. ಗುಡಿಯಲ್ಲಿಯೇ ಉಳಿದ ಅವನ ಅಪ್ಪನಿಗೆ ಮಾತ್ರ ಈ ಯೋಜನೆಯಲ್ಲಿ ಏನೂ ಸಿಗುವುದಿಲ್ಲ. ಕಸುಬು ಬಿಟ್ಟವನಿಗೆ ನೆರವು, ಕಸುಬಿನಲ್ಲಿರುವವನಿಗೆ ಹೊಗಳಿಕೆ ಎಂಬಂತಾಗಿದೆ. ಇನ್ನು ಅಕ್ಕಲಕೋಟದ ಲಿಂಗಾಯತ ಗುರವ ಕಾಶಿಬಾನ ನಿಗಮಕ್ಕೆ ಹೋಗಬೇಕೋ ಬಸವೇಶ್ವರರ ನಿಗಮಕ್ಕೋ? ಶಾಲೆಯ ದಾಖಲೆಯಲ್ಲಿ ಅವನ ಜಾತಿಯನ್ನು ಗುರವ ಎಂದು ಬರೆದಿದ್ದಾರೋ, ಲಿಂಗಾಯತ ಎಂದು ಬರೆದಿದ್ದಾರೋ, ಅದೇ ಇದನ್ನು ತೀರ್ಮಾನಿಸುತ್ತದೆ. ಇನಾಮಿನ ಕಾಲದಲ್ಲಿ ಕಾರಕೂನನ ಸಾಲು ಮಾಡಿದ ಕೆಲಸವನ್ನು ಇಂದು ಶಾಲೆಯ ದಾಖಲೆ ಮಾಡುತ್ತಿದೆ.

ಪತ್ರಾವಳಿಯ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಥರ್ಮಕೋಲ್ ತಾಟುಗಳು ಬಂದ ಮೇಲೆ ಮುತ್ತಲ ಎಲೆಯ ಊಟ ಈ ಭಾಗದಲ್ಲಿ ಹಿಂದೆ ಸರಿಯಿತು. 2018ರ ಮಾರ್ಚಿನಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ಮತ್ತು ಥರ್ಮಕೋಲ್ ತಾಟು-ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅಂಥ ನಿಷೇಧ ಬಂತು. ಎಲೆ ಹಚ್ಚುವ ಕೈಗಳಿಗೆ ಮತ್ತೆ ಕೆಲಸ ಸಿಗುವ ಸಂದರ್ಭ ಇದಾಗಿತ್ತು. ನಿಗಮದ ಹಣದಲ್ಲಿ ಒಂದು ಪಾಲನ್ನು ಗುರವರ ಹೆಂಗಸರ ಪತ್ರಾವಳಿ ಸಂಘಗಳಿಗೆ, ಒತ್ತುವ ಯಂತ್ರಕ್ಕೆ, ಗಾಯರಾಣದಲ್ಲಿ ಬಿಲ್ವ-ಮುತ್ತಲ ನೆಡುವುದಕ್ಕೆ ತೆಗೆದಿಡುವುದು ಕಷ್ಟದ ಕೆಲಸವಲ್ಲ. ಅಕ್ಕಲಕೋಟ ಮತ್ತು ಪಂಢರಪುರದ ಅನ್ನಛತ್ರಗಳೇ ಕೊಳ್ಳುವವರಾದರೆ ಮಾರುಕಟ್ಟೆ ಹುಡುಕಿ ಬೇರೆಡೆ ಹೋಗಬೇಕಿಲ್ಲ.

ಮೊದಲು ಆಗಬೇಕಾದ ಕೆಲಸ ದಾಖಲೆಯದು. ಊರೂರಿನ ವರ್ಗ 3ರ ಹೊಲಗಳು ಯಾವುವು, 7/12 ಉತಾರದಲ್ಲಿ ಯಾವ ದೇವರ ಹೆಸರಿದೆ, ‘ಇತರ ಹಕ್ಕು’ ಅಂಕಣದಲ್ಲಿ ಯಾರಿದ್ದಾರೆ, ಇಂದು ಯಾರು ಉಳುತ್ತಿದ್ದಾರೆ, ಪೂಜೆ ಯಾರು ಮಾಡುತ್ತಿದ್ದಾರೆ ಎಂಬ ಸರಳ ಪಟ್ಟಿ ಬೇಕು. ಅಂಥ ಪಟ್ಟಿ ಇದ್ದರೆ, ದೇವರ ಒಡೆತನವನ್ನು ಒಂದಿಷ್ಟೂ ಮುಟ್ಟದೆ, ಆ ಹೊಲದ ಉತ್ಪನ್ನದಲ್ಲಿ ಸೇವೆ ಮಾಡುವವರಿಗೆ, ಅವರು ಯಾವ ಜಾತಿಯವರೇ ಆಗಿರಲಿ, ಗಂಡಸಾಗಲಿ ಹೆಂಗಸಾಗಲಿ, ನಿಗದಿತ ಪಾಲು ಕೊಡಿಸಲು ಧರ್ಮಾದಾಯ ಆಯುಕ್ತರ ಮುಂದೆ ಆಧಾರವಿರುತ್ತದೆ. ಭೂಮಿಯೇ ಇಲ್ಲದ ಗುಡಿಗಳಿಗೆ ತಸ್ತೀಕಿನಂಥ ವ್ಯವಸ್ಥೆ ಕೇಳಲೂ ಅದೇ ಪಟ್ಟಿ ಬೇಕು.

ಇದಕ್ಕೆ ಬೇಕಾದ ಹಳೆಯ ಕಾಗದಗಳು ಅಕ್ಕಲಕೋಟ ಸೀಮೆಯಲ್ಲಿ ಬಹುಪಾಲು ಮೋಡಿ ಲಿಪಿಯಲ್ಲಿವೆ. ಮನೆಮಾತು ಕನ್ನಡ, ಶಾಲೆ ಕನ್ನಡ, ಸನದು ಮಾತ್ರ ಮೋಡಿ ಮರಾಠಿ: ತಮ್ಮ ಅಜ್ಜನ ಹಕ್ಕನ್ನು ತಾವೇ ಓದಲಾರದ ಸ್ಥಿತಿ ಇದು. ಜೇವೂರ, ವಾಗದರಿ, ನಾಗಣಸೂರ, ಮೈಂದರ್ಗಿ, ದುಧನಿ, ಯಾವುದೇ ಊರಿನ ಗುರವ ಮನೆಯಲ್ಲಿ ಇಂಥ ಕಾಗದವಿದ್ದರೆ ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಬಿಸಿಗೆ ಹಳೆಯ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲೂ ಬರುವುದಿಲ್ಲ. ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ, ಮೋಡಿ ಬಲ್ಲವರಿಂದ ಓದಿಸಿ, ಕನ್ನಡದಲ್ಲಿಯೂ ಒಂದು ಪ್ರತಿ ಬರೆಸಿಡಿ, ಆಮೇಲೆ ತಲಾಠಿ ಕಚೇರಿಯಿಂದ ಆ ಹೊಲದ ಇಂದಿನ ಉತಾರ ತೆಗೆಸಿ ಎರಡನ್ನೂ ಒಟ್ಟಿಗಿಟ್ಟು ನೋಡಿ.